ಬಿಳಿ ಎರಡು

ಬಿಳಿ ಒಂದು, ಬಿಳಿ ಎರಡು ಎಂದು ಆ ಡಬ್ಬಗಳ ಮೇಲೆ ಬರೆದವನು ನಾನೇ. ಓದಲು ಬಾರದವರಿಗೂ ಗುರುತು ಸಿಗಲೆಂದು ದಪ್ಪ ಕುಂಚದಲ್ಲಿ ಒಂದಕ್ಕೆ ಒಂದು ಗೆರೆ, ಇನ್ನೊಂದಕ್ಕೆ ಎರಡು ಗೆರೆ ಎಳೆದಿದ್ದೆ. ಅಷ್ಟು ಮುತುವರ್ಜಿಯಿಂದ ಮಾಡಿದ ಕೆಲಸ ಅದು. ಆ ಮುತುವರ್ಜಿಯನ್ನು ನೆನೆದರೆ ಈಗಲೂ ಊಟ ಸೇರುವುದಿಲ್ಲ.

ಜರ್ಮನಿಯವರ ಯುದ್ಧ ಶುರುವಾಗಿ ವಿಲಾಯತಿಯಿಂದ ಬರುತ್ತಿದ್ದ ಬಣ್ಣ ನಿಂತುಹೋಗಿದ್ದ ಕಾಲ. ಬಾಗಿಲಿಗೆ, ಜಟಕಾಕ್ಕೆ, ಸೇತುವೆಯ ಕಬ್ಬಿಣಕ್ಕೆ ಬಳಿಯಲು ಬಣ್ಣವಿಲ್ಲದೆ ಎಲ್ಲ ಕಡೆ ಪರದಾಟ. ತರೀಕೆರೆಯ ಸಾಹುಕಾರರೊಬ್ಬರು ಇದೇ ಸಮಯವೆಂದು ಬಣ್ಣದ ಕಾರ್ಖಾನೆ ತೆರೆದರು. ಕೆಮ್ಮಣ್ಣುಗುಂಡಿಯ ತಪ್ಪಲಲ್ಲಿ ಮಣ್ಣಿಗೇನೂ ಬರವಿರಲಿಲ್ಲ. ಮಣ್ಣನ್ನು ಬಣ್ಣವಾಗಿಸಲು ರಸಾಯನಶಾಸ್ತ್ರ ಓದಿದವನೊಬ್ಬ ಬೇಕಿತ್ತು. ಬೆಂಗಳೂರಿನಲ್ಲಿ ಓದು ಮುಗಿಸಿ ಕೂತಿದ್ದ ನನ್ನನ್ನು ಕರೆಸಿಕೊಂಡರು.

ಕಾರ್ಖಾನೆ ಎಂದರೆ ಊರಾಚೆ, ರೈಲು ಹಳಿಯ ಪಕ್ಕದ ಹಳೆಯ ಭತ್ತದ ಉಗ್ರಾಣ. ಪ್ಲೇಗಿನ ವರ್ಷ ಅಲ್ಲಿ ಕಾಯಿಲೆಯವರನ್ನು ತಂದು ಮಲಗಿಸುತ್ತಿದ್ದರಂತೆ. ಎಷ್ಟೋ ಮಂದಿ ಅಲ್ಲಿಂದ ಎದ್ದು ಹೋಗಲಿಲ್ಲವಂತೆ. ಊರವರು ಆ ದಾರಿಯನ್ನು ಬಳಸಿಕೊಂಡು ಹೋಗುತ್ತಿದ್ದರು. ಸಾಹುಕಾರರಿಗೆ ಅದು ಸುಲಭಕ್ಕೆ ಸಿಕ್ಕಿದ್ದೂ ಅದಕ್ಕೇ. ಗೋಡೆಗೆ ಎರಡು ಸಲ ಸುಣ್ಣ ಹೊಡೆಸಿದರೂ ಒಂದು ಮೂಲೆಯಲ್ಲಿ ಮನುಷ್ಯ ಒರಗಿ ಕೂತಷ್ಟು ಎತ್ತರಕ್ಕೆ ಎಣ್ಣೆಯ ಕಲೆ ಮತ್ತೆ ಮತ್ತೆ ಮೇಲೆ ಬರುತ್ತಿತ್ತು. ನಾನು ಅದನ್ನು ನೋಡಿಯೂ ನೋಡದವನಂತಿದ್ದೆ.

ಕೆಲಸಕ್ಕೆ ಎಂಟು ಹೆಂಗಸರು. ಅವರ ಮೇಲೆ ಮೇಸ್ತ್ರಿಯಾಗಿ ಅಜ್ಜಂಪುರದ ಮುದುಕರೊಬ್ಬರು. ಚಿತ್ರಗಾರರ ಮನೆತನದವರು, ಸುತ್ತಲಿನ ದೇವಸ್ಥಾನಗಳ ಮರದ ವಿಗ್ರಹಗಳಿಗೆಲ್ಲ ಬಣ್ಣ ಹಾಕಿ ಕೈ ಪಳಗಿದವರು. ಲಿಂಗದಹಳ್ಳಿ ಕಡೆಯ ಒಬ್ಬ ರೈತ ತನ್ನ ಗಾಡಿಯಲ್ಲಿ ತಪ್ಪಲಿನ ಮಣ್ಣು ಹೊಡೆಯುತ್ತಿದ್ದ. ಅವನ ಹೆಂಡತಿ ಅರೆಯುವ ಹೆಂಗಸರಲ್ಲಿ ಒಬ್ಬಳು. ವಾರದಲ್ಲಿ ಆರು ದಿನ ತರೀಕೆರೆಯ ಅಂಚಿನ ಗುಡಿಸಿಲಲ್ಲಿದ್ದು, ಏಳನೇ ದಿನ ಗಂಡನ ಗಾಡಿಯಲ್ಲೇ ಊರಿಗೆ ಹೋಗಿಬರುತ್ತಿದ್ದಳು. ಊರಲ್ಲಿ ಅತ್ತೆಯ ಹತ್ತಿರ ನಾಲ್ಕು ವರ್ಷದ ಮಗಳನ್ನು ಬಿಟ್ಟಿದ್ದಳು. ಮುಂದಿನ ಬೇಸಿಗೆಯ ಹೊತ್ತಿಗೆ ಮತ್ತೆ ಬಸುರಿ.

ಮೊದಲ ತಿಂಗಳುಗಳು ಸುಖವಾಗಿಯೇ ಕಳೆದವು. ಕೆಮ್ಮಣ್ಣನ್ನು ಒಣಗಿಸಿ, ಕುಟ್ಟಿ, ನೀರಿಗೆ ಹಾಕಿ ಕಲಕುವುದು. ಮರಳು ಮೊದಲು ಕೆಳಗಿಳಿಯುತ್ತದೆ. ಮೇಲಿನ ಕೆಂಪು ನೀರನ್ನು ಎರಡನೇ ತೊಟ್ಟಿಗೆ ಹರಿಸುವುದು, ಅಲ್ಲಿಂದ ಮೂರನೆಯದಕ್ಕೆ. ಮೂರನೇ ತೊಟ್ಟಿಯ ತಳದಲ್ಲಿ ಕೂತದ್ದೇ ಕಾವಿ. ಬೆರಳಲ್ಲಿ ಉಜ್ಜಿದರೆ ಬೆಣ್ಣೆಯ ಹಾಗೆ ಇರಬೇಕು. ಹಳದಿ ಮಣ್ಣೂ ಹೀಗೆಯೇ. ಒಂದು ದಿನ ಸಾಹುಕಾರರ ಎದುರಿಗೆ ಕಬ್ಬಿಣದ ಬಾಣಲೆಯಲ್ಲಿ ಹಳದಿ ಮಣ್ಣನ್ನು ಹುರಿದು ತೋರಿಸಿದೆ. ನೋಡನೋಡುತ್ತ ಹಳದಿ ಹೋಗಿ ಇಟ್ಟಿಗೆಯ ಕೆಂಪಾಯಿತು.

"ಏನ್ರೀ ಇದು, ಇಂದ್ರಜಾಲ?" ಎಂದರು ಸಾಹುಕಾರರು.

"ಎರಡೂ ಒಂದೇ ಕಬ್ಬಿಣ ಸಾಹುಕಾರ್ರೆ. ಹಳದಿಯ ಒಳಗೆ ನೀರು ಸೇರಿಕೊಂಡಿರುತ್ತೆ, ಬೆಂಕಿ ಆ ನೀರನ್ನು ಓಡಿಸುತ್ತೆ. ಕಣ್ಣಿಗೆ ಎರಡು, ಶಾಸ್ತ್ರಕ್ಕೆ ಒಂದು."

ಹೀಗೆ ಹೇಳಿ ಬೀಗಿದವನು ನಾನು. ಕಣ್ಣಿಗೆ ಒಂದಾಗಿ ಶಾಸ್ತ್ರಕ್ಕೆ ಎರಡಾಗಿರುವುದೂ ಇರುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪುಸ್ತಕಗಳಲ್ಲಿ ಬಣ್ಣಗಳನ್ನು ಮೂರು ಬಗೆಯಲ್ಲಿ ವಿಂಗಡಿಸಿರುತ್ತಾರೆ: ಕಣ್ಣಿಗೆ ಕಾಣುವ ಬಣ್ಣದ ಮೇಲೆ, ಒಳಗಿರುವ ಧಾತುವಿನ ಮೇಲೆ, ಅಗೆದು ತೆಗೆದದ್ದೋ ಬೇಯಿಸಿ ಮಾಡಿದ್ದೋ ಎಂಬುದರ ಮೇಲೆ. ಮೂರನ್ನೂ ಬಾಯಿಪಾಠ ಮಾಡಿದ್ದೆ. ಆದರೆ ಉಗ್ರಾಣದ ಅಟ್ಟಣೆಗಳ ಮೇಲೆ ಡಬ್ಬ ಜೋಡಿಸುವಾಗ ಮೊದಲನೆಯದನ್ನೇ ಹಿಡಿದೆ. ಕೊಳ್ಳಲು ಬರುವವನು ಕೆಂಪು ಕೊಡಿ, ಬಿಳಿ ಕೊಡಿ ಎಂದು ಕೇಳುತ್ತಾನೆಯೇ ಹೊರತು ಕಬ್ಬಿಣ ಕೊಡಿ, ಸೀಸ ಕೊಡಿ ಎನ್ನುವುದಿಲ್ಲ. ಕೆಂಪಿಗೆ ಒಂದು ಸಾಲು, ಹಳದಿಗೆ ಒಂದು, ಕಪ್ಪಿಗೆ ಒಂದು, ಬಿಳಿಗೆ ಒಂದು. ಬಿಳಿಯ ಸಾಲಿನಲ್ಲಿ ಆಗ ಇದ್ದದ್ದು ಜೇಡಿಮಣ್ಣು ಮಾತ್ರ, ಅಗ್ಗದ ಬಣ್ಣಗಳಿಗೆ ಬೆರಕೆ ಹಾಕುವುದು. ಅದಕ್ಕೆ ಬಿಳಿ ಒಂದು ಎಂದು ಬರೆದು, ಪಕ್ಕದ ಜಾಗವನ್ನು ಖಾಲಿ ಬಿಟ್ಟೆ.

ಚಿತ್ರಗಾರರು ಬಂದು ನನ್ನ ಸಾಲುಗಳನ್ನು ನೋಡಿ ಬಿಳಿ ಒಂದರ ಪಕ್ಕಕ್ಕೆ ಬೆರಳು ತೋರಿಸಿದರು.

"ಆ ಖಾಲಿ ಜಾಗದಾಗೆ ಏನಿಡ್ತೀರಿ ಸ್ವಾಮಿ?"

"ಸಫೇದ. ಸೀಸದಿಂದ ಮಾಡೋ ಬಿಳಿ. ಮಳೆಗಾಲ ಮುಗೀಲಿ, ಅದನ್ನೂ ಇಲ್ಲೇ ಮಾಡ್ತೀವಿ."

"ನಮ್ಮನೇಲಿ ಹಂಗೆ ಇಡಾಕಿಲ್ಲ ಸ್ವಾಮಿ. ನಮ್ಮಪ್ಪ ಎರಡು ಪೆಟ್ಟಿಗೆ ಮಾಡ್ಸಿದ್ರು. ಒಂದರಾಗೆ ಬಾಯಿಗೆ ಬಿದ್ರೂ ಏನೂ ಆಗದೇ ಇರೋವು, ಕಾವಿ, ಜೇಡಿ, ಮಸಿ. ಇನ್ನೊಂದ್ರಾಗೆ ಬಾಯಿಗೆ ಬೀಳಬಾರ್ದವು, ಹರಿದಳ, ಇಂಗಳೀಕ, ಸಫೇದ. ಆ ಪೆಟ್ಟಿಗೆ ಹೆಂಗಸ್ರು ಮುಟ್ಟೋ ಹಂಗಿರ್ಲಿಲ್ಲ."

"ಅದು ಮಡಿಮೈಲಿಗೆ ಲೆಕ್ಕ," ಎಂದು ನಕ್ಕೆ. ಅವರು ನಗಲಿಲ್ಲ. ಮತ್ತೆ ಆ ಮಾತು ತೆಗೆಯಲೂ ಇಲ್ಲ. ಅವರಿಗಿಂತ ನಲವತ್ತು ವರ್ಷ ಚಿಕ್ಕವನಿಗೆ ಎರಡನೇ ಸಲ ಬುದ್ಧಿ ಹೇಳುವುದು ಅವರ ಮರ್ಯಾದೆಗೆ ಒಗ್ಗುತ್ತಿರಲಿಲ್ಲವೇನೋ.

ಸಫೇದ ಮಾಡುವುದು ಸುಲಭವಾಗಿರಲಿಲ್ಲ. ಟೀ ಪೆಟ್ಟಿಗೆಗಳ ಒಳಗೆ ಹೊದಿಸಿರುವ ಸೀಸದ ತಗಡನ್ನು ತರಿಸಿ, ಕರಗಿಸಿ, ತೆಳ್ಳಗೆ ಎರಕ ಹೊಯ್ದು ಸುರುಳಿ ಸುತ್ತಿದೆವು. ಕುಂಬಾರರಿಂದ ಒಳಗೆ ಅಂಚಿರುವ ಮಡಕೆಗಳನ್ನು ಮಾಡಿಸಿದೆವು. ತಳಕ್ಕೆ ಹುಳಿಯಾದ ಈಚಲ ಹೆಂಡ, ಅಂಚಿನ ಮೇಲೆ ಸೀಸದ ಸುರುಳಿ. ಇಂಥ ಮಡಕೆಗಳನ್ನು ಸಾಲಾಗಿಟ್ಟು, ಮೇಲೆ ಹಲಗೆ ಮುಚ್ಚಿ, ಸುತ್ತ ಕುದುರೆ ಲದ್ದಿ ತುಂಬುವುದು. ಲದ್ದಿ ಕೊಳೆಯುತ್ತ ಬಿಸಿಯಾಗುತ್ತದೆ, ಹುಳಿಯ ಆವಿ ಸೀಸವನ್ನು ತಿನ್ನುತ್ತದೆ, ಕೊಳೆತದ್ದರಿಂದ ಬರುವ ಗಾಳಿ ಅದನ್ನು ಬೆಳ್ಳಗೆ ಮಾಡುತ್ತದೆ. ಮೂರು ತಿಂಗಳಿಗೆ ಸೀಸವೆಲ್ಲ ಬಿಳಿ ಹೊಪ್ಪಳೆಯಾಗಬೇಕು.

ಮೊದಲ ಸಲ ಹದಿನೈದೇ ದಿನಕ್ಕೆ ರಾಶಿ ತಣ್ಣಗಾಗಿ ಸೀಸ ಬೂದುಬಣ್ಣಕ್ಕೆ ತಿರುಗಿ ನಿಂತುಬಿಟ್ಟಿತು. ಎರಡನೇ ಸಲ ತಿಂಗಳೊಳಗೇ ಲದ್ದಿಯ ಆವಿ ತಾಕಿ ಎಲ್ಲ ಕಪ್ಪಗಾಯಿತು. ಆಮೇಲೆ ಚಿತ್ರಗಾರರೇ ಒಂದು ಉಪಾಯ ಹೇಳಿದರು: ಚರ್ಮ ಹದ ಮಾಡುವವರ ಹತ್ತಿರ ಬಿದ್ದಿರುವ ತಂಗಡಿ ತೊಗಟೆಯ ಗಷ್ಟು, ಅದು ನಿಧಾನವಾಗಿ ಬಿಸಿಯಾಗುತ್ತದೆ, ನಾತವೂ ಕಡಿಮೆ. ಹಾಗೇ ಮಾಡಿದೆವು. ಮೂರನೇ ಸಲ ಹಲಗೆ ತೆಗೆದಾಗ ಮಡಕೆ ಮಡಕೆಯಲ್ಲೂ ಬಿಳಿ ಹೂವು ಅರಳಿದಂತಿತ್ತು. ನಾನು ಹುಡುಗನ ಹಾಗೆ ಕುಣಿದುಬಿಟ್ಟೆ. ಚಿತ್ರಗಾರರು ಮಾತ್ರ ಅದನ್ನು ಮುಟ್ಟುವ ಮೊದಲು ಮೂಗು ಬಾಯಿಗೆ ಪಂಚೆಯ ಚುಂಗು ಕಟ್ಟಿಕೊಂಡರು.

ಆ ಹೊಪ್ಪಳೆಯನ್ನು ಅರೆದು ತೊಳೆಯಬೇಕು. ಒಳಗೆ ಉಳಿದ ಹುಳಿಯೂ ಸೀಸವೂ ಸೇರಿ ನೀರಲ್ಲಿ ಕರಗುವ ಒಂದು ಉಪ್ಪಾಗಿರುತ್ತದೆ, ಅದು ಹೋಗುವವರೆಗೆ. ಏಳು ನೀರು ಎಂದು ನಾನೇ ಬರೆದಿಟ್ಟಿದ್ದೆ. ಆದರೆ ಆ ಬೇಸಿಗೆ ಬಾವಿ ತಳ ಕಂಡಿತು. ಇತ್ತ ಸಾಹುಕಾರರು ದಿನವೂ ಬಂದು, ಸೇತುವೆಯ ಕಂಟ್ರಾಕ್ಟರ್ ಕಾಯ್ತಿದಾನೆ, ಎಷ್ಟು ದಿನ ತೊಳೀತೀರಿ, ಎಂದು ತಲೆಯ ಮೇಲೆ ನಿಲ್ಲುತ್ತಿದ್ದರು. ಯೋಚಿಸಿ ನೋಡಿದೆ. ಆ ಉಪ್ಪು ಉಳಿದರೆ ಬಣ್ಣ ಸ್ವಲ್ಪ ತಡವಾಗಿ ಒಣಗಬಹುದು, ಅಷ್ಟೆ. ಏಳನ್ನು ಹೊಡೆದು ಎರಡು ಎಂದು ತಿದ್ದಿದೆ. ಬಣ್ಣಕ್ಕೆ ಏನಾಗುತ್ತದೆಂದು ಯೋಚಿಸಿದೆನೇ ಹೊರತು ಮನುಷ್ಯರಿಗೆ ಏನಾಗುತ್ತದೆಂಬುದು ತಲೆಗೇ ಬರಲಿಲ್ಲ.

ಹೀಗೆ ಬಿಳಿ ಎರಡು ಬಿಳಿ ಒಂದರ ಪಕ್ಕದಲ್ಲಿ ಬಂದು ಕೂತಿತು.

ಬಸುರಿಯರಿಗೆ ಮಣ್ಣಿನ ಬಯಕೆ ಆಗುವುದು ನಮ್ಮ ಕಡೆ ಹೊಸತಲ್ಲ. ಸುಟ್ಟ ಮಣ್ಣಿನ ಚೂರು, ಒಲೆಯ ಬೂದಿ, ಗೋಡೆಯ ಜೇಡಿ, ಏನೋ ಒಂದು. ಗಾಡಿಯವನ ಹೆಂಡತಿ ಜೇಡಿಮಣ್ಣಿನ ಡಬ್ಬದಿಂದ ಚೂರು ತೆಗೆದು ಬಾಯಿಗೆ ಹಾಕಿಕೊಳ್ಳುವುದು ಎಲ್ಲರಿಗೂ ಗೊತ್ತಿತ್ತು. ಉಳಿದ ಹೆಂಗಸರು ಚುಡಾಯಿಸುತ್ತಿದ್ದರು. ಜೇಡಿ ತಾನೇ, ತಿನ್ನಲಿ ಎಂದು ನಾನೂ ಸುಮ್ಮನಿದ್ದೆ.

ಒಂದು ದಿನ ಮಧ್ಯಾಹ್ನ ಬರೆಯುತ್ತ ಕೂತಿದ್ದೆ. ಮೇಜಿನ ಆಚೆಯಿಂದ ಅವಳ ದನಿ ಬಂತು.

"ಸ್ವಾಮಿ, ಒಂದು ಗೆರೇದು ಸಪ್ಪೆ ಐತೆ. ಎರಡು ಗೆರೇದು ಯಾಕೆ ಸೀ ಐತೆ?"

ಹಿಂದೆ ಯಾರೋ ಕಿಸಕ್ಕೆಂದರು. ನಾನು ಬರೆಯುತ್ತಿದ್ದ ಸಾಲಿನಿಂದ ತಲೆ ಎತ್ತಲಿಲ್ಲ. "ಸುಮ್ನೆ ಕೆಲಸ ನೋಡಮ್ಮ. ಅದು ಕಂಬಕ್ಕೆ ಬಳಿಯೋ ಬಣ್ಣ, ಸಂತೆ ಮಿಠಾಯಿ ಅಲ್ಲ," ಎಂದೆ. ಹೆಂಗಸರೆಲ್ಲ ನಕ್ಕರು. ಅವಳೂ ನಕ್ಕಿರಬೇಕು.

ಬೇಸಿಗೆ ಬಲಿಯುತ್ತಿದ್ದಂತೆ ಉಗ್ರಾಣದಲ್ಲಿ ಏನೋ ಸರಿಯಿಲ್ಲವೆನಿಸತೊಡಗಿತು. ಒಬ್ಬಳಾದ ಮೇಲೆ ಒಬ್ಬಳು ಹೊಟ್ಟೆ ಹಿಡಿದುಕೊಂಡು ಬಗ್ಗಿ ಕೂರುವಳು. ಊಟ ಸೇರದು, ಮುಖ ಬೂದಿಯ ಹಾಗೆ. ಒಬ್ಬಳ ಕೈಯಿಂದ ಅರೆಯುವ ಗುಂಡು ಜಾರಿ ಬಿತ್ತು, ಮಣಿಕಟ್ಟು ಮೇಲೆತ್ತಲು ಆಗಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಗೋಡೆಗಳ ಮೇಲೆ ಬಿಳಿ ಅಂಗೈ ಗುರುತುಗಳು. ಆಯ ತಪ್ಪಿ ಗೋಡೆ ಹಿಡಿದುಕೊಂಡವರದೇ ಅವು ಎಂದು ಈಗ ಗೊತ್ತು. ಆಗ ಹೆಂಗಸರು ಆ ಎಣ್ಣೆ ಕಲೆಯ ಮೂಲೆಗೆ ಬೆನ್ನು ಹಾಕಿ ಕೂರುವುದನ್ನೇ ಬಿಟ್ಟರು. ಪ್ಲೇಗಿನಲ್ಲಿ ಹೋದವರು ಜಾಗ ಬಿಟ್ಟಿಲ್ಲ, ಕೈ ಹಿಡೀತಾವೆ, ಹೊಟ್ಟೆ ಹಿಂಡ್ತಾವೆ ಎಂದರು. ರಸಾಯನಶಾಸ್ತ್ರ ಓದಿದ ನಾನು ಸಂಜೆ ಒಬ್ಬನೇ ಬೀಗ ಹಾಕುವಾಗ ಒಳಗಿನಿಂದ ಯಾರೋ ಉಸಿರಾಡಿದಂತಾಗಿ, ಹಿಂದೆ ನೋಡದೆ ಬಿರಬಿರನೆ ನಡೆದಿದ್ದೂ ಉಂಟು.

ಒಂದು ದಿನ ಬೆಳಿಗ್ಗೆ ಗಾಡಿಯವನ ಹೆಂಡತಿ ಅರೆಯುತ್ತಿದ್ದಲ್ಲೇ ಬಿದ್ದಳು. ಮೈ ಬಿಲ್ಲಿನ ಹಾಗೆ ಬಾಗಿತು, ಕಣ್ಣುಗುಡ್ಡೆ ಮೇಲೆ ಸರಿದವು, ಬಾಯಲ್ಲಿ ನೊರೆ. ಹೆಂಗಸರು ಕಿರುಚಿಕೊಂಡು ಹೊರಗೆ ಓಡಿದರು. ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡು, ಯಾರಿಗೂ ಅರ್ಥವಾಗದ ಮಾತು ಆಡತೊಡಗಿದಳು. ಮಣ್ಣು ಇಳಿಸುತ್ತಿದ್ದ ಗಂಡ ಓಡಿಬಂದು ಅವಳನ್ನು ಎತ್ತಿ ಗಾಡಿಗೆ ಹಾಕಿಕೊಂಡ.

"ಆಸ್ಪತ್ರೆಗೆ ಕರ್ಕೊಂಡು ಹೋಗಪ್ಪ," ಎಂದೆ.

"ಇದು ಆಸ್ಪತ್ರೆ ಕಾಯ್ಲೆ ಅಲ್ಲ ಸ್ವಾಮಿ. ಇಲ್ಲಿದ್ದದ್ದು ಇವಳಿಗೆ ಹತ್ಕಂಡೈತೆ. ಅಂತರಘಟ್ಟೆ ಅಮ್ಮನ ಪಾದಕ್ಕೆ ಹಾಕ್ತೀನಿ. ಅವಳೇ ಬಿಡಿಸ್ಬೇಕು."

ಗಾಡಿ ಹೊರಟಿತು. ಕೆಲಸ ನಿಂತಿತು. ಚಿತ್ರಗಾರರು ಗಂಟು ಕಟ್ಟಿಕೊಂಡು ಅಜ್ಜಂಪುರದ ಮನೆಗೆ ಹೋದರು.

ಕೈ ಎತ್ತಲಾಗದ ಹೆಂಗಸನ್ನು ಮಾರನೇ ದಿನ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಅವಳ ಕೈ ನೋಡಿದರು, ತುಟಿ ಬಿಡಿಸಿ ವಸಡು ನೋಡಿದರು. ಹಲ್ಲಿನ ಬುಡದಲ್ಲಿ ಶಾಯಿಯಲ್ಲಿ ಎಳೆದಂತೆ ಒಂದು ನೀಲಿ ಗೆರೆ.

"ಏನು ಕೆಲಸ ಮಾಡ್ತಾಳೆ?"

"ಸಫೇದ ಅರೀತಾಳೆ."

"ಸೀಸ," ಎಂದರು. ಒಂದು ಕ್ಷಣ ನನ್ನನ್ನೇ ನೋಡಿದರು. "ನೀವು ಓದಿದವರಲ್ವೇನ್ರಿ?"

ಅಂತರಘಟ್ಟೆಗೆ ಹೋದವಳ ವಿಷಯ ಹೇಳಿದೆ. ಅವರು ತಲೆ ಆಡಿಸಿದರು. ಅರೆಯುವ ದೂಳಿನಿಂದ ಇಷ್ಟು ಬೇಗ ಇಷ್ಟು ಜೋರಾಗಿ ಸೆಳವು ಬರುವುದಿಲ್ಲ, ಅವಳು ಅದನ್ನು ತಿಂದಿರಬೇಕು ಎಂದರು.

ಅಲ್ಲಿಂದ ಉಗ್ರಾಣಕ್ಕೆ ಹೇಗೆ ಬಂದೆನೋ ಗೊತ್ತಿಲ್ಲ. ಬಿಳಿಯ ಸಾಲಿನ ಮುಂದೆ ನಿಂತೆ. ಒಂದು ಗೆರೆಯ ಡಬ್ಬದ ಮೇಲೆ ದೂಳು ಕೂತಿತ್ತು. ಎರಡು ಗೆರೆಯ ಡಬ್ಬದಲ್ಲಿ ಅಂಚಿನ ಉದ್ದಕ್ಕೂ ಬೆರಳಿನಿಂದ ಬಾಚಿದ ಗುಳಿಗಳು. ಒಂದು ಚಿಟಿಕೆ ತೆಗೆದು ನಾಲಿಗೆಯ ತುದಿಗೆ ಇಟ್ಟುಕೊಂಡೆ. ಸಿಹಿ. ಆಮೇಲೆ ಬಾಯೆಲ್ಲ ಒಗರು. ತೊಳೆಯದೆ ಬಿಟ್ಟ ಆ ಉಪ್ಪಿಗೆ ಸೀಸದ ಸಕ್ಕರೆ ಎಂದೇ ಹೆಸರು. ಅದನ್ನೂ ಬಾಯಿಪಾಠ ಮಾಡಿದ್ದೆ. ಐದು ನೀರು ಹೆಚ್ಚು ಹಾಕಿಸಿದ್ದರೆ ಸಿಹಿ ಇರುತ್ತಿರಲಿಲ್ಲ. ಸಿಹಿ ಇಲ್ಲದಿದ್ದರೆ ಅವಳು ಜೇಡಿಯನ್ನೇ ತಿನ್ನುತ್ತಿದ್ದಳು. ಅವಳು ಕೇಳಿದ ದಿನ ನಾನು ತಲೆ ಎತ್ತಿದ್ದರೂ ಸಾಕಿತ್ತು.

ಸಾಹುಕಾರರಿಗೆ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ಮುಖದಲ್ಲಿ ರಕ್ತವೇ ಇಲ್ಲದಂತೆ ಕೂತರು. ಎದ್ದು ಬಾಗಿಲು ಹಾಕಿಬಂದು ತಗ್ಗಿದ ದನಿಯಲ್ಲಿ ಹೇಳಿದರು:

"ನೋಡಿ ಕೆಮಿಸ್ಟ್ರೇ, ಅವಳು ಉಳಿಯೋಳಾದ್ರೆ ಉಳೀತಾಳೆ. ನೀವು ಹೋಗಿ ಹೇಳಿದ್ರೆ ಏನು ಬಂತು? ಅವರೆಲ್ಲ ದೆವ್ವ ಅಂತಿದಾರೆ. ಅಂದ್ಕೊಳ್ಲಿ ಬಿಡಿ. ದೆವ್ವದ ಮೇಲೆ ಅಮಲ್ದಾರರು ತನಿಖೆ ಮಾಡಾಕೆ ಬರಲ್ಲ. ನಿಮ್ಮ ವಯಸ್ಸೇನು, ನಿಮ್ಮ ಓದೇನು! ಸಫೇದ ನಿಲ್ಲಿಸೋಣ. ಇನ್ನು ಬಾಯಿ ಮುಚ್ಕೊಂಡಿರೋಣ."

ಅವರ ಮಾತು ನನಗೆ ಹಿತವಾಗಿಯೇ ಕೇಳಿಸಿತು. ಅದನ್ನು ಮುಚ್ಚಿಡುವುದಿಲ್ಲ. ಇಡೀ ಒಂದು ದಿನ ಬಿಡಾರದಲ್ಲಿ ಕೂತಿದ್ದೆ. ಬಾಯಿ ಎಷ್ಟು ಮುಕ್ಕಳಿಸಿದರೂ ಆ ಸಿಹಿ ಹೋಗಲಿಲ್ಲ. ದೆವ್ವ ಎಂಬ ಮಾತು ಎಷ್ಟು ಅನುಕೂಲದ್ದು ಎನಿಸಿತು. ಪ್ಲೇಗಿನಲ್ಲಿ ಸತ್ತ ಆ ಬಡಪಾಯಿಗಳು ನನ್ನ ತಪ್ಪನ್ನೂ ಹೊರಬೇಕು, ನಾನು ಮನೆಗೆ ಹೋಗಿ ಇನ್ನೊಂದು ನೌಕರಿ ಹುಡುಕಬೇಕು. ಅದರ ಮಾರನೇ ಬೆಳಿಗ್ಗೆ ರೈಲು ಹತ್ತಿದೆ. ಆ ದಿನ ಹತ್ತಿದ್ದಕ್ಕಿಂತ ಹಿಂದಿನ ದಿನ ಹತ್ತದೆ ಕೂತದ್ದೇ ನನಗೆ ಹೆಚ್ಚು ನೆನಪಿಗೆ ಬರುತ್ತದೆ.

ಅಂತರಘಟ್ಟೆಗೆ ದಾರಿಯಾದ ಅಜ್ಜಂಪುರದಲ್ಲಿ ಇಳಿದು ಚಿತ್ರಗಾರರ ಮನೆ ಕೇಳಿಕೊಂಡು ಹೋದೆ. ಜಗಲಿಯ ಮೇಲೆ ಕೂತಿದ್ದರು. ನಾನು ಬಾಯಿ ಬಿಡುವ ಮೊದಲೇ ಎದ್ದು ಹೆಗಲಿಗೆ ಟವಲು ಹಾಕಿಕೊಂಡರು. "ಗಾಡಿ ಕಟ್ಟಿಸ್ತೀನಿ, ನಡೀರಿ ಸ್ವಾಮಿ," ಎಂದರು. ದಾರಿಯಲ್ಲಿ ಒಂದೇ ಮಾತು ಆಡಿದರು: "ಅವತ್ತೇ ಇನ್ನೊಂದು ಸಲ ಹೇಳ್ಬೇಕಿತ್ತು ನಾನು. ಬಿಗುಮಾನ ಮಾಡ್ದೆ."

ಅಂತರಘಟ್ಟೆಯಲ್ಲಿ ಅಂದು ಜನವಿರಲಿಲ್ಲ. ಗುಡಿಯ ಹಿಂದಿನ ಮರದ ನೆರಳಲ್ಲಿ ಕಂಬಳಿಯ ಮೇಲೆ ಅವಳನ್ನು ಮಲಗಿಸಿದ್ದರು. ಹಣೆತುಂಬ ಭಂಡಾರ, ಮುಖದ ಮೇಲೆ ಸೆರಗು. ಕೂಸು ಹೊಟ್ಟೆಯಲ್ಲೇ ಹೋಗಿ ಹಿಂದಿನ ದಿನವೇ ಹೊರಗೆ ಬಂದಿತ್ತಂತೆ. ಗಂಡ ಪಕ್ಕದಲ್ಲಿ ಕೂತು ನೊಣ ಓಡಿಸುತ್ತಿದ್ದ. ಉಸಿರು ಇತ್ತು, ಅಷ್ಟೆ.

ಅವನ ಎದುರಿಗೆ ನೆಲದ ಮೇಲೆ ಕೂತೆ.

"ಇದು ದೆವ್ವ ಅಲ್ಲಪ್ಪ. ಆ ಎರಡು ಗೆರೆ ಡಬ್ಬದಾಗಿದ್ದದ್ದು ವಿಷ. ಜೇಡಿ ಪಕ್ಕದಲ್ಲಿ ಇಟ್ಟೋನು ನಾನು. ಇವಳು ಅದನ್ನ ತಿಂತಿದ್ಲು. ಯಾಕೆ ಸಿಹಿ ಐತೆ ಅಂತ ನನ್ನೇ ಕೇಳಿದ್ಲು. ನಾನು ಗಮನ ಕೊಡ್ಲಿಲ್ಲ."

ಅವನು ಹೊಡೆಯುತ್ತಾನೆಂದುಕೊಂಡಿದ್ದೆ. ಹೊಡೆದಿದ್ದರೆ ಒಳ್ಳೆಯದಿತ್ತು. ನೊಣ ಓಡಿಸುತ್ತಿದ್ದ ಕೈ ಹಾಗೇ ನಿಂತಿತು. ಅವನ ಮುಖದಲ್ಲಿ ಕೋಪ ಬರಲಿಲ್ಲ, ಬೇರೇನೋ ಬಂತು.

"ಮಗೀಗೂ ಕೊಡ್ತಿದ್ಲು ಸ್ವಾಮಿ," ಎಂದ.

ನನಗೆ ಅರ್ಥವಾಗಲಿಲ್ಲ.

"ಊರಿಗೆ ಹೋಗೋವಾಗ ಸೆರಗಿನ ಗಂಟಾಗೆ ಕಟ್ಕಂಡು ಹೋಗ್ತಿದ್ಲು. ಮಗು ಸೀ ಅಂತ ಕುಣೀತದೆ ಅಂತಿದ್ಲು. ಮನೆ ಗೂಡಿನಾಗೆ ಚಿಪ್ಪಿನ ತುಂಬ ಮಡಗವ್ಳೆ. ನಮ್ಮವ್ವಂಗೆ ಗೊತ್ತಿಲ್ಲ, ಮಗು ಕೇಳಿದಾಗೆಲ್ಲ ಕೊಡ್ತಾಳೆ."

ಅವನು ಹೆಂಡತಿಯನ್ನು ನೋಡಿದ, ಗಾಡಿಯನ್ನು ನೋಡಿದ. ಇವಳನ್ನು ಕುಲುಕಾಡಿಸಿಕೊಂಡು ಕರೆದೊಯ್ಯುವಂತಿರಲಿಲ್ಲ. ನಾನೊಬ್ಬನೇ ಹೋದರೆ ಮುದುಕಿ ಗುರುತಿಲ್ಲದವನ ಕೈಗೆ ಮಗು ಕೊಡುತ್ತಿರಲಿಲ್ಲ.

ಚಿತ್ರಗಾರರು ಹತ್ತಿರ ಬಂದು ಅವನ ಭುಜದ ಮೇಲೆ ಕೈ ಇಟ್ಟರು. "ನೀ ಹೋಗಪ್ಪ. ನಾ ಕುಂತಿರ್ತೀನಿ. ನನ್ನ ಮಗಳು ಅನ್ಕೊಂಡು ಕುಂತಿರ್ತೀನಿ."

ಅವನು ಬಗ್ಗಿ ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದ. ಅವಳಿಗೆ ಕೇಳಿಸಿತೋ ಇಲ್ಲವೋ. ಎದ್ದವನು ಹಿಂದೆ ತಿರುಗಲಿಲ್ಲ.

ನಾವು ಬಂದ ಗಾಡಿಯಲ್ಲೇ ಅಜ್ಜಂಪುರ, ಅಲ್ಲಿಂದ ರೈಲು, ಬೀರೂರಿನಲ್ಲಿ ಇಳಿದು ಜಟಕಾ. ಲಿಂಗದಹಳ್ಳಿಯ ದಾರಿಯುದ್ದಕ್ಕೂ ಅವನು ನನ್ನ ಪಕ್ಕದಲ್ಲೇ ಕೂತಿದ್ದ. ಅವನ ಮೊಣಕಾಲು ನನ್ನ ಮೊಣಕಾಲಿಗೆ ತಾಗಿದಾಗೆಲ್ಲ ನಾನು ಹಿಂದೆ ಸರಿಯುತ್ತಿದ್ದೆ. ಊರ ಬಾಗಿಲಲ್ಲೇ ಅವನು ಜಿಗಿದು ಓಡಿದ.

ನಾನು ಒಳಗೆ ಹೋಗುವಷ್ಟರಲ್ಲಿ ಅವನು ಗೂಡಿನಿಂದ ಚಿಪ್ಪು ತೆಗೆದು ನೋಡುತ್ತಿದ್ದ. ಅರ್ಧಕ್ಕಿಂತ ಹೆಚ್ಚು ಖಾಲಿ. ಮಗು ಕಂಬದ ಬುಡದಲ್ಲಿ ಹೊಟ್ಟೆ ಮಡಚಿಕೊಂಡು ಮಲಗಿತ್ತು, ತುಟಿಯ ಅಂಚಿನಲ್ಲಿ ಬಿಳಿ ಗೆರೆ.

"ಮೂರು ದಿಸದಿಂದ ಹೊಟ್ಟೆನೋವು ಅಂತದೆ ಕಣಪ್ಪ," ಎಂದಳು ಮುದುಕಿ. "ಅವ್ವನ ಗ್ಯಾನಕ್ಕೆ ಹಿಂಗೆ ಮಾಡ್ತದೆ ಅಂತ ಸೀ ಕೊಟ್ಟು ಸುಮ್ಕಿರಿಸ್ತಿದ್ದೆ. ನನ್ನ ಸೊಸೆ ಎಲ್ಲಿ?"

ಮಗ ಚಿಪ್ಪನ್ನು ನನ್ನ ಕೈಗೆ ಹಾಕಿದ. ಮಗುವನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದ. ಅದೇ ಜಟಕಾದಲ್ಲಿ ತರೀಕೆರೆ ಆಸ್ಪತ್ರೆ ತಲುಪಿದಾಗ ರಾತ್ರಿ ಬಹಳ ಹೊತ್ತಾಗಿತ್ತು. ಡಾಕ್ಟರು ಭೇದಿ ಉಪ್ಪನ್ನು ನೀರಿಗೆ ಹಾಕಿ ಚಮಚ ಚಮಚವಾಗಿ ಕುಡಿಸಿದರು, ಮೇಲೆ ಹಾಲು. ಆ ಉಪ್ಪು ಹೊಟ್ಟೆಯೊಳಗಿನ ಸೀಸವನ್ನು ಹಿಡಿದು ಕರಗದ ಪುಡಿ ಮಾಡುತ್ತದೆ, ಆ ಪುಡಿ ಮೈಗೆ ಸೇರದೆ ಹೊರಗೆ ಹೋಗುತ್ತದೆ. ಕಾಲೇಜಿನಲ್ಲಿ ಗಾಜಿನ ಕೊಳವೆಯಲ್ಲಿ ನೂರು ಸಲ ಮಾಡಿ ನೋಡಿದ್ದು ಇದೇ. ನಾಲ್ಕು ವರ್ಷದ ಮಗುವಿನೊಳಗೆ ಅದು ನಡೆಯಲಿ ಎಂದು ಕೈ ಮುಗಿದುಕೊಂಡು ಕೂತೆ. ಒಂದು ಸಲ ಸೆಳವು ಬಂತು. ಡಾಕ್ಟರು ಇನ್ನು ಎರಡು ದಿನ ತಡವಾಗಿದ್ದರೆ ಆಗುತ್ತಿರಲಿಲ್ಲ ಎಂದರು. ನನಗೆ ಬಿಡಾರದಲ್ಲಿ ಕೂತು ಕಳೆದ ದಿನ ನೆನಪಾಯಿತು.

ಮೂರನೇ ದಿನ ಮಗು ಕಣ್ಣು ಬಿಟ್ಟು ಗಂಜಿ ಕೇಳಿತು. ಅದೇ ದಿನ ಚಿತ್ರಗಾರರು ಆಸ್ಪತ್ರೆಯ ಬಾಗಿಲಲ್ಲಿ ಬಂದು ನಿಂತರು. ಅವರ ಹಿಂದೆ ಇವನ ಗಾಡಿ, ಗಾಡಿಯಲ್ಲಿ ಯಾರೂ ಇಲ್ಲ. ಗಂಡನಿಗೆ ಅಷ್ಟೇ ಸಾಕಾಯಿತು. ಅವನು ಹೊರಟ ಸಂಜೆಯೇ ಅವಳು ಹೋಗಿದ್ದಳು, ಚಿತ್ರಗಾರರೇ ನಿಂತು ಮಣ್ಣು ಮಾಡಿಸಿ ಬಂದಿದ್ದರು. ಒಂದು ಸಲ ಕಣ್ಣು ಬಿಟ್ಟು, ಗಾಡಿ ಬಂತಾ ಎಂದು ಕೇಳಿದಳಂತೆ. ಬಂತು ಕಣವ್ವ ಎಂದು ಚಿತ್ರಗಾರರು ಹೇಳಿದರಂತೆ. ನಾನು ಅಂತರಘಟ್ಟೆಗೆ ಹೋಗದಿದ್ದರೆ ಅವನು ಅವಳ ಪಕ್ಕದಲ್ಲಿ ಇರುತ್ತಿದ್ದ, ಮಗು ಇರುತ್ತಿರಲಿಲ್ಲ. ಇದನ್ನು ತೂಗಿ ನೋಡಲು ನನಗೆ ಇವತ್ತಿಗೂ ಆಗಿಲ್ಲ.

ಅಮಲ್ದಾರರ ಮುಂದೆ ಹೋಗಿ ನಡೆದದ್ದನ್ನೆಲ್ಲ ಬರೆದುಕೊಟ್ಟೆ. ಏಳು ನೀರನ್ನು ಎರಡಕ್ಕೆ ಇಳಿಸಿದ್ದು, ಡಬ್ಬಗಳನ್ನು ಪಕ್ಕಪಕ್ಕ ಇಟ್ಟದ್ದು, ಅವಳು ಕೇಳಿದ್ದು, ಒಂದೂ ಬಿಡಲಿಲ್ಲ. ವಿಚಾರಣೆ ಆಯಿತು. ಸಫೇದದ ಕೆಲಸವನ್ನು ಮುಚ್ಚಿಸಿದರು. ಗಾಡಿಯವನನ್ನು ಕರೆಸಿ, ಇವನ ಮೇಲೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. "ಹೇಳಾಕೆ ಬಂದೋರು ಇವರೊಬ್ರೇ ಬುದ್ಧಿ," ಎಂದನಂತೆ. ನನ್ನನ್ನು ಬಿಟ್ಟರು. ಶಿಕ್ಷೆ ಆಗಿದ್ದರೆ ಅದಕ್ಕೊಂದು ಅವಧಿ ಇರುತ್ತಿತ್ತು.

ಕಾರ್ಖಾನೆ ಬಿಡುವ ಮೊದಲು ಚಿತ್ರಗಾರರನ್ನು ಕರೆಸಿಕೊಂಡು ಇಬ್ಬರೂ ಕೂತು ಅಟ್ಟಣೆಗಳನ್ನು ಮತ್ತೆ ಜೋಡಿಸಿದೆವು. ಕಾವಿ, ಹಳದಿ, ಹುರಿದ ಕೆಂಪು, ಎಲ್ಲ ಕಬ್ಬಿಣದ ಸಂಸಾರ, ಒಂದು ಕಡೆ. ಜೇಡಿಯೂ ಮಸಿಯೂ ಇನ್ನೊಂದು ಕಡೆ. ಉಳಿದ ಸಫೇದವನ್ನು ಗಾರೆಯೊಳಗೆ ಕಲಸಿ ಆಳದ ಗುಂಡಿಯಲ್ಲಿ ಹೂತೆವು. ಕೆಲಸ ಮುಗಿದ ಮೇಲೆ ಅವರು ಕೈ ತೊಳೆದುಕೊಂಡು ನನ್ನ ಕೈಗೂ ನೀರು ಹಾಕಿದರು.

ಆಮೇಲೆ ನಾನು ಕಡೂರಿನಲ್ಲಿ ಮೇಷ್ಟರಾದೆ. ಬಣ್ಣದ ಕೆಲಸಕ್ಕೆ ಮತ್ತೆ ಹೋಗಲಿಲ್ಲ. ಮದುವೆಯಾಯಿತು, ಮಕ್ಕಳಾದರು. ಮನೆಯಲ್ಲಿ ಹಬ್ಬಕ್ಕೆ ಸಿಹಿ ಮಾಡಿದರೆ ನಾಲಿಗೆಗೆ ಇಡುವ ಮೊದಲು ಒಂದು ಕ್ಷಣ ಕೈ ತಡೆಯುತ್ತದೆ. ಮಕ್ಕಳು ತಿನ್ನುವುದನ್ನು ನೋಡುತ್ತ ಕೂರಲಾರೆ, ಎದ್ದು ಹೊರಗೆ ಹೋಗುತ್ತೇನೆ.

ಹದಿನಾಲ್ಕು ಹದಿನೈದು ವರ್ಷ ಕಳೆದಿರಬೇಕು. ಒಂದು ಸಂತೆಯ ದಿನ ಸ್ಕೂಲು ಬಿಟ್ಟು ಹೊರಗೆ ಬಂದರೆ ಬೇವಿನ ಮರದ ಕೆಳಗೆ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಹತ್ತೊಂಬತ್ತರ ವಯಸ್ಸು, ಕಂಕುಳಲ್ಲಿ ಕೂಸು. ಎಡಗೈಯ ಮಣಿಕಟ್ಟು ಸ್ವಲ್ಪ ಜೋತುಬಿದ್ದಿತ್ತು, ಅದರ ಮೇಲೇ ಕೂಸನ್ನು ಆನಿಸಿಕೊಂಡಿದ್ದಳು. ಯಾರೆಂದು ಹೇಳಬೇಕಾಗಿರಲಿಲ್ಲ.

"ಅಪ್ಪ ಹೋದ ಸ್ವಾಮಿ, ಹೋದ ತಿಂಗ್ಳು," ಎಂದಳು.

ಹಳೆಯದನ್ನೆಲ್ಲ ಇವಳಿಗೂ ಹೇಳಬೇಕು ಎನಿಸಿತು. ಶುರು ಮಾಡಿದೆ. ಅವಳು ತಡೆದಳು.

"ಅದೆಲ್ಲ ಅಪ್ಪ ಹೇಳಿದ್ದ. ಅದಕ್ಕಲ್ಲ ನಾ ಬಂದಿದ್ದು. ನಮ್ಮವ್ವ ನೋಡಾಕೆ ಹೆಂಗಿದ್ಲು ಸ್ವಾಮಿ? ಅಪ್ಪ ಅವಳ ಮಾತು ತೆಗುದ್ರೆ ಎದ್ದು ಹೋಗ್ತಿದ್ದ. ಊರೋರು ಚೆಂದಿದ್ಲು ಚೆಂದಿದ್ಲು ಅಂತಾರೆ, ಸತ್ತೋರ್ನೆಲ್ಲ ಹಂಗೇ ಅಂತಾರೆ. ನೀವು ದಿನಾ ಕಂಡೋರು. ಮೇಷ್ಟ್ರು ಸುಳ್ಳು ಹೇಳಾಕಿಲ್ಲ ಅಂತ ಅಪ್ಪ ಅಂತಿದ್ದ."

ತಿಂಗಳುಗಟ್ಟಲೆ ಅವಳು ನನ್ನ ಮೇಜಿನಿಂದ ಹತ್ತು ಮಾರು ದೂರದಲ್ಲಿ ಕೂತು ಅರೆದಿದ್ದಳು. ಕಣ್ಣು ಮುಚ್ಚಿ ನೆನೆಸಿಕೊಂಡೆ. ಮೊಣಕೈವರೆಗೆ ಬೆಳ್ಳಗಾದ ಕೈಗಳು ಬಂದವು. ದನಿ ಬಂತು. ಕಂಬಳಿಯ ಮೇಲೆ ಸೆರಗು ಮುಚ್ಚಿ ಮಲಗಿದ್ದು ಬಂತು. ಎಷ್ಟು ಹೊತ್ತು ನಿಂತರೂ ಮುಖ ಬರಲಿಲ್ಲ. ನಾನು ಅದನ್ನು ನೋಡಿಯೇ ಇರಲಿಲ್ಲ.

ಅವಳು ಕಾಯುತ್ತಿದ್ದಳು. ಕೂಸು ನನ್ನನ್ನೇ ನೋಡುತ್ತಿತ್ತು.

"ನಿನ್ನ ಹಾಗೇ ಇದ್ಲಮ್ಮ," ಎಂದೆ. "ನಿನ್ನದೇ ಕಣ್ಣು, ನಿನ್ನದೇ ಹಣೆ."

ಅವಳ ಮುಖ ಅರಳಿತು. ಜೋತುಬಿದ್ದ ಕೈಯನ್ನು ನಿಧಾನವಾಗಿ ಮೇಲೆತ್ತಿ ತನ್ನ ಕೆನ್ನೆಯನ್ನು ಮುಟ್ಟಿ ನೋಡಿಕೊಂಡಳು.